ಮೌಶಿಯ ಸುಳ್ಳು

ತೊಂಬತ್ತರ ದಶಕದ ನಡುವಿನಲ್ಲಿ, ಮುಂಬೈ ಪಕ್ಕದ ಠಾಣೆ ಊರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಾಗ ನಾನು ಉಳಿದುಕೊಂಡದ್ದು ವರ್ತಕ ನಗರದಲ್ಲಿ, ಅಮ್ಮನ ತಂಗಿಯ ಮನೆಯಲ್ಲಿ. ಬಿಜಾಪುರದ ಕಡೆಯವರಾದ ನಾವು ಅವಳನ್ನು ಮೌಶಿ ಎನ್ನುತ್ತಿದ್ದೆವು, ಅವಳ ಗಂಡನನ್ನು ಕಾಕಾ. ಅವರಿಗೆ ಮಕ್ಕಳಿರಲಿಲ್ಲ. ಒಳಗಿನ ಕೋಣೆಯ ಮಂಚದ ಮೇಲೆ ಕಾಕಾನ ತಾಯಿ ಮಲಗಿದ್ದಳು. ಲಕ್ವ ಹೊಡೆದು ಎಡಮೈ ಸತ್ತುಹೋಗಿತ್ತು. ನಾಲಿಗೆ ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು.

ಅಜ್ಜಿಯ ಬೆನ್ನಿನ ಹುಣ್ಣು ತೊಳೆಯುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು ಎಲ್ಲ ಮೌಶಿಯದೇ. "ನಮ್ಮವ್ವಾ, ಬಾಯಿ ತಗೀರಿ. ಇನ್ನೊಂದು ಗುಟುಕು" ಎಂದು ಕೂಸಿಗೆ ಹೇಳುವಂತೆ ಹೇಳುತ್ತಿದ್ದಳು. ಅದೇ ಬಾಯಲ್ಲಿ, ಅಡುಗೆಮನೆಗೆ ಬಂದು ಪಾತ್ರೆ ಕುಕ್ಕುತ್ತ, "ಈ ಪೀಡಾ ಯಾವಾಗ ತೊಲಗತೈತೋ" ಎನ್ನುತ್ತಿದ್ದಳು. ಮೊದಲ ಸಲ ಕೇಳಿದಾಗ ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

ಒಂದು ದಿನ ತೊಳೆದ ಬಟ್ಟೆಗಳನ್ನು ಮಡಚುತ್ತ ಅವಳೇ ಹೇಳಿದಳು. ಮದುವೆಯಾದ ಹೊಸತರಲ್ಲಿ, ಊರಲ್ಲಿ, ಅವಳಿಗೆ ಹೆರಿಗೆ ನೋವು ಬಂದಿತ್ತು. ಆಸ್ಪತ್ರೆಗೆ ಹೋಗೋಣವೆಂದರೆ ಅತ್ತೆ ಬಿಡಲಿಲ್ಲ. ಕೂಸು ಸತ್ತೇ ಹುಟ್ಟಿತು. ಬಾಣಂತಿಯ ಮೈ ಇನ್ನೂ ಹಸಿಯಿರುವಾಗಲೇ, "ಕೂಸಿಲ್ಲದ ಬಾಣಂತಿಗೆ ಎಂಥಾ ಆರೈಕಿ" ಎಂದು ಅತ್ತೆ ಅವಳನ್ನು ರೊಟ್ಟಿ ತಟ್ಟಲು ಕೂರಿಸಿದಳು. ಆಮೇಲೆ ಅವಳ ಬಸಿರು ನಿಲ್ಲಲೇ ಇಲ್ಲ.

"ಮತ್ತ ಅಷ್ಟು ಅಕ್ಕರಿಯಿಂದ ಮಾತಾಡ್ತಿಯಲ್ಲ, ಹೆಂಗ?" ಎಂದು ಕೇಳಿದೆ.

"ಸಿಟ್ಟು ನನ್ನದು. ಅದನ್ನ ಗಂಜಿಯೊಳಗ ಕಲಸಿ ಕೊಡಾಕ ಬರತೈತೇನು?" ಎಂದಳು.

ಕಾಕಾ ಅಂಬರನಾಥದ ಕಾರ್ಖಾನೆಯಲ್ಲಿ ಫಿಟರ್. ಖಡಾಖಡಿ ಮನುಷ್ಯನೆಂದು ಅವನಿಗೆ ಹೆಸರು. ಅದರ ಬಗ್ಗೆ ಅವನಿಗೂ ಹೆಮ್ಮೆಯಿತ್ತು. ತಾಯಿ ಮಲಗಿದ್ದ ಕೋಣೆಯ ಹೊಸ್ತಿಲನ್ನು ಅವನು ದಾಟುತ್ತಿರಲಿಲ್ಲ. ನೋಡಲು ಬಂದವರ ಮುಂದೆಯೇ, "ನನಗ ಆ ವಾಸನಿ ತಡಕೊಳ್ಳಾಕ ಆಗಂಗಿಲ್ಲ. ಸುಳ್ಳು ಯಾಕ ಹೇಳ್ಲಿ? ನಾಟಕ ನನಗ ಬರಂಗಿಲ್ಲ" ಎನ್ನುತ್ತಿದ್ದ. ಬಂದವರು ತಲೆದೂಗುತ್ತಿದ್ದರು. ಎಷ್ಟಾದರೂ ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ.

ಸಂಜೆಯಾದರೆ ಅಜ್ಜಿ ಮಗನನ್ನು ಕೇಳುತ್ತಿದ್ದಳು. ಮೌಶಿಯ ಉತ್ತರ ಸಿದ್ಧವಿರುತ್ತಿತ್ತು. "ಈಗ ಬಂದು ಹ್ವಾದ್ರಲ್ಲ. ನೀವು ಮಲಗಿದ್ರಿ. ತಲಿ ಸವರಿ, ಎಬ್ಬಿಸಬ್ಯಾಡ ಅಂದ್ರು." ಅಜ್ಜಿ ಬಲಗೈಯಿಂದ ತನ್ನ ನೆತ್ತಿ ಮುಟ್ಟಿಕೊಂಡು ಕಣ್ಣು ಮುಚ್ಚುತ್ತಿದ್ದಳು.

ಆ ವರ್ಷದ ಮಳೆಗಾಲದ ಒಂದು ಭಾನುವಾರ ಕಾಕಾ ಒಣಗಿದ ಶರ್ಟು ತೆಗೆದುಕೊಳ್ಳಲು ಅಜ್ಜಿಯ ಕೋಣೆಯ ಬಾಗಿಲ ಮುಂದೆ ಬಂದಿದ್ದ. ಅಜ್ಜಿ ಅವನನ್ನು ಕಂಡಳು. ತೊದಲುತ್ತಲೇ ಕರೆದಳು. "ನಿನ್ನೆ ಬಂದಿದ್ಯಂತ. ತಲಿ ಸವರಿದ್ಯಂತ. ಎಬ್ಬಿಸಬಾರದಿತ್ತೇನೋ, ತಮ್ಮಾ?"

ಅವನು ನಿಂತ. ಮೌಶಿ ಗಂಜಿಯ ಬಟ್ಟಲು ಹಿಡಿದು ಮಂಚದ ಪಕ್ಕದಲ್ಲಿದ್ದಳು. ಅತ್ತೆಗೆ ಕಾಣದಂತೆ ಗಂಡನಿಗೆ ಕಣ್ಣಲ್ಲೇ ಬೇಡಿಕೊಂಡಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

"ನಾ ಯಾವಾಗ ಬಂದೆ?" ಎಂದ ಕಾಕಾ. "ನಾ ಬಂದೇ ಇಲ್ಲವ್ವಾ. ನನಗ ಬರಾಕ ಆಗಂಗಿಲ್ಲ. ಇಕಿ ನಿನಗ ದಿನಾ ಸುಳ್ಳು ಹೇಳ್ತಾಳ. ಮುಂದ ಅವ್ವಾ ಅಂತಾಳ, ಹಿಂದ ಪೀಡಾ ಅಂತಾಳ. ಢೋಂಗಿ ಅದಾಳ ಇಕಿ. ನಿನಗ ಗೊತ್ತಿರಲಿ."

ಕಾಕಾ ಶರ್ಟು ತೊಟ್ಟು ಕೆಳಗಿಳಿದು ಹೋದ. ಮೌಶಿ ಚಮಚವನ್ನು ಅಜ್ಜಿಯ ತುಟಿಗೆ ಹಿಡಿದಳು. ತುಟಿ ತೆರೆಯಲಿಲ್ಲ. ಗಂಜಿ ಗದ್ದಕ್ಕೆ ಹರಿದು ಕುತ್ತಿಗೆಯ ಮಡಿಕೆಯಲ್ಲಿ ನಿಂತಿತು. ಮೌಶಿ ಒರೆಸಿದಳು, ಮತ್ತೆ ಹಿಡಿದಳು, ಮತ್ತೆ ಒರೆಸಿದಳು.

ಆವತ್ತಿನಿಂದ ಅಜ್ಜಿ ಹೊಟ್ಟೆಗೆ ತೆಗೆದುಕೊಳ್ಳಲಿಲ್ಲ. ನಾನು ಕುಡಿಸಹೋದರೆ ಎರಡು ಗುಟುಕು ನೀರು, ಅಷ್ಟೇ. ಡಾಕ್ಟರು ಬಂದು, ವಯಸ್ಸಾಗಿದೆ ಎಂದು ಹೋದರು. ಅಜ್ಜಿ ಮಗನನ್ನು ಮತ್ತೆ ಕೇಳಲಿಲ್ಲ. ಶ್ರಾವಣ ಹುಟ್ಟುವ ಮೊದಲೇ ತೀರಿಕೊಂಡಳು. ಮೌಶಿ ಹೆಣಕ್ಕೆ ಸ್ನಾನ ಮಾಡಿಸಿದಳು, ಅಳಲಿಲ್ಲ. ಕಾಕಾ ಎದೆ ಬಡಿದುಕೊಂಡು ಅತ್ತ. ಆ ಅಳುವಿನಲ್ಲಿ ನಾಟಕವಿರಲಿಲ್ಲ, ಅದನ್ನು ನಾನು ಹೇಳಲೇಬೇಕು. ಕರ್ಮದ ದಿನ ಊರಿಂದ ಬಂದವರಿಗೆ ಅವನು, "ನನ್ನ ತಾಯಿಗೆ ನಾ ಒಂದು ದಿನಾನೂ ಮೋಸ ಮಾಡ್ಲಿಲ್ಲ" ಎಂದ. ಅವರು ಮೌಶಿಯ ಒಣಗಿದ ಕಣ್ಣು ನೋಡಿ ಮುಖ ತಿರುಗಿಸಿದರು.

ಅವರೆಲ್ಲ ಹೋದ ಮೇಲೆ ನಾನು ಮೌಶಿಯನ್ನು ಕೇಳಿದೆ. "ಅಜ್ಜಿ ನಿನ್ನ ಮಾತು ನಂಬಿದ್ಲೇನು?"

"ಹುಚ್ಚಿ, ಹೆತ್ತಾಕಿಗೆ ಮಗಾ ಎಂಥಾಂವ ಅಂತ ಗೊತ್ತಿರಂಗಿಲ್ಲೇನು? ಮೊದಲನೇ ದಿನದಿಂದ ಗೊತ್ತಿತ್ತು. ನನ್ನ ಬೈಗಳಾನೂ ಗ್ವಾಡಿ ದಾಟಿ ಕೇಳ್ತಿದ್ವು. ಅವತ್ತು ಕೇಳಿದ್ದು, ಅಂವ ಒಂದು ಸಲ 'ಹೂಂ' ಅಂತಾನೇನೋ ಅಂತ."

ಸ್ವಲ್ಪ ದಿನಕ್ಕೆ ನಾನು ಡೊಂಬಿವಲಿಯಲ್ಲಿ ಗೆಳತಿಯರ ಜೊತೆ ಬಾಡಿಗೆ ಕೋಣೆ ಹಿಡಿದೆ. ಆ ದಶಕ ಮುಗಿಯುವ ಹೊತ್ತಿಗೆ ಮತ್ತೆ ಹೋದಾಗ, ಕಾಕಾನಿಗೆ ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಬೆರಳುಗಳನ್ನು ಕತ್ತರಿಸಿದ್ದರು. ಮೌಶಿ ಅವನ ಪಟ್ಟಿ ಬದಲಿಸಿ, ಮಾತ್ರೆ ಕೊಟ್ಟಳು. ಕಾಕಾ ಅವಳ ಸೆರಗು ಹಿಡಿದು, "ಸ್ವಲ್ಪ ಹೊತ್ತು ಕುಂಡ್ರು" ಎಂದ.

"ಮನಸ್ಸಿಲ್ಲ" ಎಂದು ಅವಳು ಸೆರಗು ಬಿಡಿಸಿಕೊಂಡಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಲ್ಲಿಗೆ ನೀರು ಬರುವ ಹೊತ್ತಾಗಿತ್ತು, ಬಕೆಟ್ಟು ಎತ್ತಿಕೊಂಡು ಹೋದಳು.