ವಾಯಿದೆಗೆ ಮೊದಲು ಹುಳದ ಜ್ವರ ಕೇಳುತ್ತಿದ್ದ ವಕೀಲರು

ವಕೀಲರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಫೈಲಿನ ದಾರ ಬಿಚ್ಚುವಾಗ ಎಳೆ ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಶಿಡ್ಲಘಟ್ಟದ ಕೋರ್ಟಿನ ಗೋಡೆಗೆ ಅಂಟಿಸಿದ ಪಟ್ಟಿಯ ಮೇಲೆ ಅದೇ ಉಗುರು ಊರಿ ನನ್ನ ಕೇಸಿನ ನಂಬರು ತೋರಿಸುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪಟ್ಟಿ ಓದಲು ಕಲಿತದ್ದು ಹಾಗೆ.

ನನ್ನದು ಭಾಗದ ದಾವೆ. ಸಾದಲಿಯಲ್ಲಿ ಅಪ್ಪನ ಹಿಪ್ಪುನೇರಳೆ ತೋಟವಿತ್ತು. ಅದರಲ್ಲಿ ನನಗೂ ಪಾಲಿದೆ ಎಂದು ಅಣ್ಣನ ಮೇಲೆ ಹಾಕಿದ್ದೆ. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಸಾಕು ಎಂದಿದ್ದ ಅವನು.

ವಕೀಲರು ಕೋರ್ಟಿನ ಮರದ ಕೆಳಗೆ ಕೂರಿಸಿ ಹೇಳಿಕೊಡುತ್ತಿದ್ದರು. “ಜಡ್ಜಿಗೆ ನಿಮ್ಮಪ್ಪ ಗೊತ್ತಿಲ್ಲ ಕಣಮ್ಮ, ನಿಮ್ಮೂರೂ ಗೊತ್ತಿಲ್ಲ. ಕಾಗದ ನೋಡ್ತಾರೆ, ಸಾಕ್ಷಿ ಕೇಳ್ತಾರೆ. ನಿಮ್ಮಣ್ಣನ ಮಾತು ಕೇಳದೆ ನಿನಗೆ ಪಾಲು ಕೊಡಕಾಗಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಅತ್ತಿಗೆ ಪುರಾಣ ಬೇಡ.”

“ಎಲ್ಲಕ್ಕೂ ಅತ್ತಿಗೇನೇ ಮೂಲ ಸ್ವಾಮಿ.”

“ಮೂಲ ಅಲ್ಲೇ ಇರ್ಲಿ. ನೀನು ಪಹಣಿ ತಗೊಂಬಾ.”

ಇನ್ನೊಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು. “ಮೂರು ಸಲ ಹೆಸರು ಕೂಗ್ತಾರೆ. ಆವಾಗ ನಾವು ಅಲ್ಲಿರಬೇಕು, ಇಲ್ಲ ಅಂದ್ರೆ ಕೇಸು ವಜಾ. ಆದ್ರೂ ಮೂವತ್ತು ದಿನದೊಳಗೆ ಅರ್ಜಿ ಹಾಕಿ, ಬರದೇ ಇದ್ದಿದ್ದಕ್ಕೆ ಕಾರಣ ತೋರಿಸಬಹುದು.”

ವಾಯಿದೆ ತೆಗೆದುಕೊಳ್ಳುವ ಮುಂಚೆ “ಹುಳ ಯಾವ ಜ್ವರದಲ್ಲೈತೆ?” ಎಂದು ಕೇಳುತ್ತಿದ್ದರು. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ, ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡುವವರೆಗೆ ಮನೆ ಬಿಟ್ಟು ಕದಲುವಂತಿಲ್ಲ. ಆ ದಿನಗಳನ್ನು ತಪ್ಪಿಸಿ ವಾಯಿದೆ ಕೇಳುತ್ತಿದ್ದರು. ಇಂಥವರೂ ಇದ್ದಾರಲ್ಲ ಎಂದುಕೊಂಡಿದ್ದೆ.

ನಾನು ಸಾಕ್ಷಿ ಹೇಳಬೇಕಾದ ದಿನ ಮಾತ್ರ ಸರಿಯಾಗಿ ಚಂದ್ರಿಕೆಯ ದಿನಕ್ಕೇ ಬಿತ್ತು. ಫೋನು ಮಾಡಿದರು. “ನೀ ಬರಬೇಡಮ್ಮ, ಹುಳ ನೋಡ್ಕೊ. ನಾನು ಇನ್ನೊಂದು ವಾಯಿದೆ ತಗೋತೀನಿ.” ನಂಬಿದೆ.

ಗೂಡು ಮಾರಿ, ಮಾರುಕಟ್ಟೆಯಿಂದ ನೇರವಾಗಿ ಕೋರ್ಟಿಗೆ ಹೋದೆ. ಪಟ್ಟಿಯಲ್ಲಿ ನನ್ನ ನಂಬರಿಲ್ಲ. ಗುಮಾಸ್ತನನ್ನು ಕೇಳಿದರೆ, “ವಜಾ ಆಯ್ತಲ್ಲಮ್ಮ. ಕೂಗಿದಾಗ ನೀನೂ ಇಲ್ಲ, ನಿನ್ನ ಲಾಯರೂ ಇಲ್ಲ” ಎಂದ. ಅದೇ ವಾರ ಇನ್ನೊಂದು ತಿಳಿಯಿತು. ಆ ತೋಟ ಕೊಳ್ಳಲು ಅಣ್ಣನ ಜೊತೆ ಕರಾರು ಮಾಡಿಕೊಂಡವನು ವಕೀಲರ ಅಳಿಯ.

ಅವರ ಆಫೀಸಿಗೆ ಹೋಗಿ ನಿಂತೆ. “ಹುಳದ ಜ್ವರ ಕೇಳ್ತಾ ಇದ್ದಿದ್ದು ಇದಕ್ಕೇನಾ ಸ್ವಾಮಿ?”

“ಮೊದಲು ಇದಕ್ಕಲ್ಲಮ್ಮ” ಎಂದರು. ತಲೆ ಎತ್ತಲಿಲ್ಲ. ಆ ಉತ್ತರ ನನಗೆ ಇನ್ನೂ ಅರಗಿಲ್ಲ.

ಬೇರೆ ವಕೀಲರನ್ನು ಹಿಡಿದು ಮೂವತ್ತು ದಿನದೊಳಗೆ ಅರ್ಜಿ ಹಾಕಿಸಿದೆ. ಯಾಕೆ ಬರಲಿಲ್ಲ ಎಂದು ಜಡ್ಜು ಕೇಳಿದರು. ಕೇಳಿದ್ದಕ್ಕಷ್ಟೇ ಹೇಳಿದೆ: “ಹುಳ ಹಣ್ಣಾಗಿತ್ತು. ನಮ್ಮ ವಕೀಲರು ಬರಬೇಡ ಅಂದ್ರು.” ಗೂಡಿನ ಮಾರುಕಟ್ಟೆಯ ಚೀಟಿ ಕೊಟ್ಟೆ. ಅದರ ತಾರೀಖಿನಿಂದ ಹಿಂದಕ್ಕೆ ಎಣಿಸಿದರೆ ಚಂದ್ರಿಕೆಯ ದಿನ ಸಿಗುತ್ತಿತ್ತು. ಅಣ್ಣನ ಕಡೆಯ ಮಾತನ್ನೂ ಕೇಳಿ, ಜಡ್ಜು ಕೇಸನ್ನು ಮತ್ತೆ ತೆಗೆದುಕೊಂಡರು. ತಡವಾದರೂ ಪಾಲು ಬಂತು.

ಹೋದ ವರ್ಷ ವಕೀಲರು ತೀರಿಕೊಂಡರು. ಹೋಗಿ ನೋಡಿದೆ. ಕೈ ಎದೆಯ ಮೇಲಿತ್ತು, ಉಗುರು ಹಾಗೇ ಸೀಳಿತ್ತು. ಅಳು ಬರಲಿಲ್ಲ. “ನಿಮ್ಮನ್ನ ಜ್ಞಾಪಿಸ್ಕೊಳ್ತಿದ್ರಮ್ಮ” ಎಂದರು ಅವರ ಹೆಂಡತಿ. ಏನಂತ ಎಂದು ನಾನು ಕೇಳಲಿಲ್ಲ.

ಈಗ ಊರಿನ ಹೆಂಗಸರು ಕೋರ್ಟಿಗೆ ಹೋಗುವ ಮುಂಚೆ ನನ್ನ ಹತ್ತಿರ ಬರುತ್ತಾರೆ. ಆ ವಕೀಲರು ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ, ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಕೊನೆಗೆ ನನ್ನದೊಂದು ಸೇರಿಸುತ್ತೇನೆ: “ಲಾಯರು ಬರಬೇಡ ಅಂದ ದಿನ ತಪ್ಪದೆ ಹೋಗಮ್ಮ. ಹುಳ ಸತ್ರೆ ಸಾಯ್ಲಿ.”