ಕಿಟಕಿಯಿಂದ ಕೊಟ್ಟ ಬ್ಯಾಗು

ಬೆಂಗಳೂರಿನಲ್ಲಿ ಸಾಲಾಗಿ ಬಾಂಬುಗಳು ಸಿಡಿದದ್ದು ಶುಕ್ರವಾರ ಮಧ್ಯಾಹ್ನ. ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ ಒಬ್ಬ ಹೆಂಗಸು ಸತ್ತುಹೋದರು. ಸೋಮವಾರದ ಹೊತ್ತಿಗೆ ಪೇಪರಿನವರು, ಟಿವಿಯವರು ಎಲ್ಲ ಸೇರಿ, ಜನ ಎದೆಗುಂದಿಲ್ಲ, ಎಂದಿನಂತೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದಾರೆ ಎಂದು ನಮ್ಮನ್ನು ಹೊಗಳಲು ಶುರು ಮಾಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದೆಗುಂದಿ ಮನೆಯಲ್ಲಿ ಕೂತರೆ ಸಂಬಳ ಇವರಪ್ಪ ಕೊಡುತ್ತಾನಾ? ಧೈರ್ಯವಂತೆ, ಧೈರ್ಯ! ರಜೆ ಇಲ್ಲದವರು ಬಸ್ಸು ಹತ್ತುವುದಕ್ಕೆ ಧೈರ್ಯ ಎಂದು ಹೆಸರಿಟ್ಟವರು ಯಾರೋ, ಅವರನ್ನು ಒಂದು ವಾರ ನಮ್ಮ ಕುಣಿಗಲ್ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗಬೇಕು.

ನಾನು ತುಮಕೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಕುಣಿಗಲ್ಲಿನಿಂದ ದಿನಾ ಹೋಗಿ ಬರುವುದು. ತೊಂಬತ್ತನಾಲ್ಕರಿಂದ ಒಂದೇ ಬಸ್ಸು, ಬೆಳಿಗ್ಗೆ ಏಳೂಮುಕ್ಕಾಲರ ಪ್ರೈವೇಟ್ ಬಸ್ಸು. ಅದು ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಮೊದಲೇ ಖಾಲಿ ಬಂದು ನಿಲ್ಲುತ್ತಿತ್ತು. ಡ್ರೈವರು ಕಂಡಕ್ಟರು ಟೀ ಕುಡಿಯಲು ಹೋಗುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಯಾರ ವಸ್ತು ಸೀಟಿನ ಮೇಲೆ ಬಿತ್ತೋ ಸೀಟು ಅವರದು. ಟವೆಲ್ಲೋ, ಕರ್ಚೀಫೋ, ಬ್ಯಾಗೋ, ಏನಾದರೂ ಸರಿ. ಕಿಟಕಿಯಿಂದ ಟವೆಲ್ ಎಸೆದ ಸೀಟಿನಲ್ಲಿ ಇನ್ನೊಬ್ಬ ಕೂತರೆ ಕೈ ಕೈ ಮಿಲಾಯಿಸುವವರೆಗೆ ಜಗಳ ಹೋಗುತ್ತಿತ್ತು. ಸರ್ಕಾರದ ಕಾನೂನನ್ನು ನಮ್ಮೂರಿನಲ್ಲಿ ಅಷ್ಟು ನಿಷ್ಠೆಯಿಂದ ಯಾರೂ ಪಾಲಿಸಿದ್ದನ್ನು ನಾನು ಕಂಡಿಲ್ಲ.

ನಾವು ದಿನಾ ಓಡಾಡುವ ಏಳು ಜನರಿಗೆ ಈ ತಾಪತ್ರಯ ಇರಲಿಲ್ಲ. ನಮಗೆ ಸಾಬ್ರು ಇದ್ದರು. ತುಮಕೂರಿನ ಶಿರಾ ಗೇಟಿನ ಹತ್ತಿರ ಒಂದು ಅಂಗಡಿಯಲ್ಲಿ ಲೇಡೀಸ್ ಟೈಲರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಸಣಕಲು ಮೈ, ದಪ್ಪ ಗಾಜಿನ ಕನ್ನಡಕ. ಬೆಳಗಿನ ಜಾವವೇ ಏಳುವವರಾದ್ದರಿಂದ ಸ್ಟ್ಯಾಂಡಿಗೆ ಎಲ್ಲರಿಗಿಂತ ಮೊದಲು ಬಂದು ಬಸ್ಸಿನೊಳಗೆ ಕೂತಿರುತ್ತಿದ್ದರು. ನಾವು ಒಬ್ಬೊಬ್ಬರಾಗಿ ಬಂದು ಕಿಟಕಿಯಿಂದ ಬ್ಯಾಗು ಕೊಡುತ್ತಿದ್ದೆವು. ಅವರು ಇಸಿದುಕೊಂಡು ಒಂದೊಂದು ಸೀಟಿಗೆ ಒಂದೊಂದು ಇಡುತ್ತಿದ್ದರು. ನನಗೆ ಬಿಸಿಲು ಬೀಳದ ಕಡೆಯ ಕಿಟಕಿ, ಮಂಡಿ ನೋವಿನ ಮೇಷ್ಟ್ರಿಗೆ ಕಾಲು ಚಾಚಲು ಅನುಕೂಲವಾಗುವ ಸೀಟು, ಎಲ್ಲ ಅವರಿಗೆ ಬಾಯಿಪಾಠ. ನಾವು ಆರಾಮಾಗಿ ಕ್ಯಾಂಟೀನಿನ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದೆವು. ಹದಿನಾಲ್ಕು ವರ್ಷ ಇದೇ ನಡೆಯಿತು.

"ಅಕ್ಕಾ, ಇವತ್ತೇನು ಇಷ್ಟು ಭಾರ? ಮನೇನೇ ಎತ್ಕೊಂಡ್ ಬಂದ್ರಾ?" ಎಂದು ತಮಾಷೆ ಮಾಡುತ್ತಿದ್ದರು. ವಯಸ್ಸಿನಲ್ಲಿ ಚಿಕ್ಕವಳಾದರೂ ನಾನು ಅವರಿಗೆ ಅಕ್ಕ. ನನ್ನ ಮದುವೆಯ ರವಿಕೆಗಳಿಂದ ಹಿಡಿದು ಮಗಳ ಸ್ಕೂಲ್ ಯೂನಿಫಾರ್ಮಿನವರೆಗೆ ಹೊಲಿದವರು ಅವರೇ. ರಂಜಾನಿನಲ್ಲಿ ಅವರ ಮನೆಯಿಂದ ಸುರ್‌ಕುರ್ಮಾ ಪಾಯಸ ಬಸ್ಸಿನಲ್ಲೇ ಡಬ್ಬಿ ಬದಲಾಯಿಸಿಕೊಂಡು ಬರುತ್ತಿತ್ತು, ನಮ್ಮ ಮನೆಯಿಂದ ಯುಗಾದಿಗೆ ಒಬ್ಬಟ್ಟು ಹೋಗುತ್ತಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ನಾನು ಮಾಡಿದ್ದು ಎಂಥ ಕೆಲಸ ಎನ್ನುವುದು ತಿಳಿಯಲಿ ಎಂದು.

ಭಾನುವಾರ ರಾತ್ರಿ ಗುಬ್ಬಿಯಿಂದ ನನ್ನ ತಂಗಿ ಫೋನ್ ಮಾಡಿದಳು. "ಅಕ್ಕಾ, ನಾಳೆ ಬಸ್ಸಲ್ಲಿ ಹೋಗ್ಬೇಡ ಕಣೇ. ಅಹಮದಾಬಾದಲ್ಲೂ ಬಾಂಬ್ ಸಿಡಿದ್ವಂತೆ. ಟಿವಿ ನೋಡಿದ್ಯಾ?"

"ಬಸ್ಸಲ್ಲಿ ಹೋಗ್ದೆ ಹೆಲಿಕಾಪ್ಟರಲ್ಲಿ ಹೋಗ್ಲಾ? ಅಡ್ಮಿಷನ್ ಟೈಮು, ರಜ ಕೊಡಲ್ಲ, ಫೋನ್ ಇಡೇ" ಎಂದು ರೇಗಿದೆ. ಆದರೆ ಟಿವಿ ಆರಿಸಲಿಲ್ಲ. ಅದೇ ಚೂರಾದ ಗೋಡೆ, ಅದೇ ಬಿದ್ದಿರುವ ಚಪ್ಪಲಿ, ಅದೇ ಕೂಗಾಟ, ಮತ್ತೆ ಮತ್ತೆ. ವಾರಸುದಾರರಿಲ್ಲದ ಬ್ಯಾಗು ಕಂಡರೆ ಮುಟ್ಟಬೇಡಿ, ಅನುಮಾನ ಬರುವಂಥವರ ಬಗ್ಗೆ ಪೊಲೀಸರಿಗೆ ತಿಳಿಸಿ ಎಂದು ಕೆಳಗೆ ಸಾಲು ಓಡುತ್ತಿತ್ತು. ಅನುಮಾನ ಬರುವಂಥವರು ಹೇಗಿರುತ್ತಾರೆ ಎಂದು ಅಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ನೋಡುವವರಿಗೆಲ್ಲ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಹಿಡಿ ಮುರಿದ ನಮ್ಮ ಮನೆಯ ಕುಕ್ಕರನ್ನು ತುಮಕೂರಿನಲ್ಲಿ ರಿಪೇರಿಗೆ ಕೊಡೋಣವೆಂದು ಕಪ್ಪು ರೆಕ್ಸಿನ್ ಬ್ಯಾಗಿಗೆ ತುರುಕಿಕೊಂಡು ಹೊರಟೆ. ಊಟದ ಡಬ್ಬಿಯನ್ನೂ ಕುಕ್ಕರಿನೊಳಗೇ ಇಟ್ಟಿದ್ದೆ. ಕಿಟಕಿಯಿಂದ ಬ್ಯಾಗು ಕೊಟ್ಟಾಗ ಸಾಬ್ರು "ಅಬ್ಬಬ್ಬಾ" ಎಂದು ಎರಡೂ ಕೈಯಲ್ಲಿ ಇಸಿದುಕೊಂಡರು. ಅವತ್ತು ತಮಾಷೆ ಮಾಡಲಿಲ್ಲ. ಮುಖ ಬಾಡಿತ್ತು. ಬಸ್ಸಿನೊಳಗೆ ಅವರೊಬ್ಬರೇ, ಸುತ್ತ ನಮ್ಮ ಏಳು ಬ್ಯಾಗುಗಳು. ಎಷ್ಟೋ ವರ್ಷಗಳಿಂದ ನೋಡಿದ್ದೇ. ಆದರೆ ಹೊಸಬರ ಕಣ್ಣಿಗೆ ಅದು ಹೇಗೆ ಕಂಡೀತು ಎಂದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ತುಂತುರು ಮಳೆ, ಚಳಿಗಾಳಿ. ಪಾಪ ಅನ್ನಿಸಿ ನಾನೇ ಕ್ಯಾಂಟೀನಿನಿಂದ ಕೂಗಿದೆ, "ಸಾಬ್ರೇ, ಬನ್ನಿ ಇಲ್ಲಿ, ಒಂದ್ ಕಾಫಿ ಕುಡೀರಿ."

ಎಂದೂ ಬ್ಯಾಗುಗಳನ್ನು ಬಿಟ್ಟು ಇಳಿಯದ ಮನುಷ್ಯ ಅವತ್ತು ನನ್ನ ಮಾತಿಗೆ ಇಳಿದರು. ಅವರು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಯಾರೋ ಪರ ಊರಿನ ಗಂಡಸು ಬಸ್ಸು ಹತ್ತಿದ. ಸೀಟು ಹುಡುಕುತ್ತ ನನ್ನ ಬ್ಯಾಗನ್ನು ಪಕ್ಕಕ್ಕೆ ಸರಿಸಲು ಹೋದನಂತೆ. ಕೈಗೆ ಗುಂಡಗೆ, ಭಾರವಾಗಿ, ಗಟ್ಟಿ ಲೋಹ ಸಿಕ್ಕಿದೆ. ಒಂದೇ ಏಟಿಗೆ ಹೊರಗೆ ಹಾರಿ ಬಾಯಿ ಬಡಿದುಕೊಂಡ.

"ಬ್ಯಾಗ್ ಇಟ್ಬುಟ್ಟು ಇಳ್ದೋಯ್ತಾವ್ನೆ! ಹಿಡೀರ್ಲಾ ಅವನ್ನ! ಬಾಂಬು, ಬಾಂಬು!"

ಸ್ಟ್ಯಾಂಡು ದಿಕ್ಕಾಪಾಲಾಗಿ ಓಡಿತು. ಓಡದೆ ಉಳಿದ ಹತ್ತಿಪ್ಪತ್ತು ಜನ ಸಾಬ್ರನ್ನು ಸುತ್ತಿಕೊಂಡರು. ಒಬ್ಬ ಕಾಲರ್ ಹಿಡಿದ. ನಾನು ನಿಂತಿದ್ದ ಜಾಗಕ್ಕೂ ಅದಕ್ಕೂ ಹತ್ತು ಹೆಜ್ಜೆ ಅಷ್ಟೇ.

"ಯಾರ್ದ್ಲಾ ಬ್ಯಾಗು? ಹೇಳ್ಲಾ!"

"ನಂದಲ್ಲಪ್ಪ. ಅಕ್ಕಂದು. ಅಗೋ, ಅಲ್ಲಿ ನಿಂತವ್ರೆ ನೋಡಿ, ಅವರ್ನೇ ಕೇಳಿ" ಎಂದು ಸಾಬ್ರು ನನ್ನ ಕಡೆ ಕೈ ತೋರಿಸಿದರು. ಅವರ ಮುಖದಲ್ಲಿ ಇನ್ನೂ ಭಯ ಬಂದಿರಲಿಲ್ಲ. ಅಕ್ಕ ಇದ್ದಾರಲ್ಲ, ಒಂದು ಮಾತು ಹೇಳುತ್ತಾರೆ, ಮುಗಿಯಿತು ಎನ್ನುವ ಹಾಗಿತ್ತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ನಾನು ಬಾಯಿ ಬಿಡಲಿಲ್ಲ.

ಗಾಬರಿಯಾಗಿ ಮಾತು ಹೊರಡಲಿಲ್ಲ ಎಂದು ಮನೆಯಲ್ಲಿ ಹೇಳಿಕೊಂಡೆ, ಆಫೀಸಿನಲ್ಲಿ ಹೇಳಿಕೊಂಡೆ, ತಂಗಿಗೂ ಅದನ್ನೇ ಹೇಳಿದೆ. ಎಲ್ಲ ಸುಳ್ಳು. ಗಾಬರಿಯಾಗಿತ್ತು ನಿಜ, ಆದರೆ ಮಾತು ನಿಂತದ್ದು ಅದಕ್ಕಲ್ಲ. ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಬ್ಯಾಗು ಕೊಟ್ಟದ್ದು ಏಳೂಕಾಲಿಗೆ. ಈಗ ಏಳೂವರೆ. ಕಾಲು ಗಂಟೆ ಅದು ಅವರೊಬ್ಬರ ಕೈಯಲ್ಲೇ ಇತ್ತು. ಒಳಗೆ ಬೇರೇನಾದರೂ ಇಟ್ಟಿದ್ದರೆ? ಇವತ್ತು ಮುಖ ಯಾಕೆ ಬಾಡಿತ್ತು? ಯಾವತ್ತೂ ಇಳಿಯದವರು ಇವತ್ತು ಯಾಕೆ ಇಳಿದರು? ಕರೆದವಳು ನಾನೇ ಎನ್ನುವುದೂ ಆ ಗಳಿಗೆಯಲ್ಲಿ ನನಗೆ ಮರೆತುಹೋಗಿತ್ತು. ನನ್ನ ಮೈ ಮೇಲೆ ಅವರು ಹೊಲಿದ ರವಿಕೆ ಇತ್ತು. ಥೂ ನನ್ನ ಜನ್ಮಕ್ಕೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಅರ್ಧ ನಿಮಿಷವಿರಬಹುದು, ಒಂದು ನಿಮಿಷವಿರಬಹುದು. ಅಷ್ಟರಲ್ಲಿ "ನೋಡ್ಲಾ, ಆಯಮ್ಮ ಗೊತ್ತೇ ಇಲ್ಲ ಅಂತವ್ಳೆ" ಎಂದು ಯಾರೋ ಅಂದರು. ಇನ್ಯಾರೋ ಸಾಬ್ರ ಕೆನ್ನೆಗೆ ಬಾರಿಸಿದರು. ಕನ್ನಡಕ ಹಾರಿ ಕೆಸರಿಗೆ ಬಿತ್ತು. ಆ ಸದ್ದಿಗೆ ನನಗೆ ಬುದ್ಧಿ ಬಂತು.

"ಅಯ್ಯೋ, ಬಿಡ್ರೋ ಅವರನ್ನ! ನಂದು ಕಣ್ರೋ ಅದು! ಕುಕ್ಕರ್ ಕಣ್ರೋ!" ಎಂದು ಕಿರುಚಿಕೊಂಡು ಓಡಿದೆ.

ಸ್ಟ್ಯಾಂಡಿನಲ್ಲಿದ್ದ ಪೊಲೀಸಪ್ಪ ಆಗ ಬಂದ. ಜನರನ್ನು ದೂರ ಸರಿಸಿ ತಾನು ಅವರಿಗಿಂತಲೂ ದೂರ ನಿಂತ. "ನಿಂದೇ ತಾನೇನಮ್ಮಾ? ಹಂಗಾರೆ ನೀನೇ ಹೋಗಿ ತಗಿ" ಎಂದ. ನಾನು ಬಸ್ಸು ಹತ್ತಿ, ಬ್ಯಾಗನ್ನು ಬಾಗಿಲಿನ ಹತ್ತಿರ ತಂದು ಝಿಪ್ ಎಳೆದೆ. ನನ್ನ ಕೈ ನಡುಗಿತು. ನನ್ನದೇ ಬ್ಯಾಗಿನ ಝಿಪ್ ಎಳೆಯಲು ನನ್ನ ಕೈ ನಡುಗಿದ್ದನ್ನು ಸಾಬ್ರು ನೋಡಿದರು. ಕನ್ನಡಕ ಇರಲಿಲ್ಲ, ಕೆನ್ನೆ ಕೆಂಪಗಾಗಿತ್ತು, ಆದರೂ ಹೊಡೆದವನನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತಾಯಿತು.

ಕುಕ್ಕರ್ ಬಂತು. ಅದರೊಳಗಿಂದ ಡಬ್ಬಿ ಬಂತು. ಡಬ್ಬಿಯಲ್ಲಿ ಚಿತ್ರಾನ್ನ. ಸ್ಟ್ಯಾಂಡಿಗೆ ಸ್ಟ್ಯಾಂಡೇ ಘೊಳ್ಳೆಂದು ನಕ್ಕಿತು. ಕಾಲರ್ ಹಿಡಿದವನೂ ನಕ್ಕ. ಬಾರಿಸಿದವನು ಯಾರೆಂದು ಗೊತ್ತಾಗಲೇ ಇಲ್ಲ, ಅವನೂ ಆ ನಗುವಿನಲ್ಲಿ ಎಲ್ಲೋ ಇದ್ದಿರಬೇಕು. ಎಲ್ಲರೂ ಹತ್ತಿ ಕೂತರು. ಕಂಡಕ್ಟರು ಸಾಬ್ರ ಹೆಗಲು ತಟ್ಟಿ "ಏನ್ ಮಾಡೀರಿ ಸಾಬ್ರೇ, ಕಾಲ ಹಂಗೈತೆ, ಮನಸ್ಗೆ ಹಚ್ಕೋಬ್ಯಾಡಿ" ಎಂದ. ಬಸ್ಸು ಎಂಟು ನಿಮಿಷ ಲೇಟಾಗಿ ಹೊರಟಿತು.

ಕಾಲವಂತೆ! ಕಾಲ ಬಂದು ಕಪಾಳಕ್ಕೆ ಹೊಡೆಯಿತೇ? ಬಾಂಬು ಇಟ್ಟವರ ಮನೆ ಹಾಳಾಗ, ಅವರ ಕೈಗೆ ಹುಳ ಬೀಳ. ಬಸ್ಸಿಗೆ ಕಾಯುವ ಹೆಂಗಸು ಅವರಿಗೇನು ಮಾಡಿದ್ದಳು? ಆದರೆ ಅವರು ಕುಣಿಗಲ್ ಸ್ಟ್ಯಾಂಡಿಗೆ ಬಂದಿರಲಿಲ್ಲ. ಇಲ್ಲಿದ್ದದ್ದು ನಾವು. ಎಲ್ಲೋ ಯಾರೋ ಬತ್ತಿ ಇಟ್ಟರು, ಇಲ್ಲಿ ನಾವು ನಮ್ಮ ಸೀಟು ಹಿಡಿಯುವ ಮನುಷ್ಯನನ್ನೇ ಸುಟ್ಟೆವು.

ಹೆಬ್ಬೂರು ದಾಟಿದ ಮೇಲೆ ನಾನು ಎದ್ದು ಹೋಗಿ "ಸಾಬ್ರೇ, ತಪ್ಪಾಯ್ತು" ಎಂದೆ. ಅವರು ಒಡೆದ ಗಾಜನ್ನು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು.

"ನಿಮ್ದೇನೈತೆ ತಪ್ಪು, ಮೇಡಂ" ಎಂದರು.

ಅವತ್ತಿನಿಂದ ನಾನು ಮೇಡಂ.

ಮಾರನೆಯ ದಿನ ಸಾಬ್ರು ಕೊನೆಯ ಗಳಿಗೆಯಲ್ಲಿ ಬಂದು ನಿಂತುಕೊಂಡೇ ಹೋದರು. ಕತ್ತರಿ, ಟೇಪು, ದಾರದ ಉಂಡೆ, ಊಟದ ಡಬ್ಬಿ ಎಲ್ಲವನ್ನೂ ಒಳಗಿರುವುದೆಲ್ಲ ಕಾಣುವಂಥ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡಿದ್ದರು. ಮೊದಲಿದ್ದ ಬಟ್ಟೆಯ ಚೀಲ ಆಮೇಲೆ ಕಾಣಲಿಲ್ಲ. ಕವರನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೇ ತುಮಕೂರಿನವರೆಗೆ ನಿಲ್ಲುತ್ತಿದ್ದರು.

ಹತ್ತು ದಿನ ಹೀಗೇ ಹೋಯಿತು. ನಮ್ಮವರಿಗೆ ಸಂಕಟ ಶುರುವಾಯಿತು. ಸಾಬ್ರಿಗಾಗಿ ಅಂತ ತಿಳಿಯಬೇಡಿ, ಸೀಟಿಗಾಗಿ. "ಅಷ್ಟಕ್ಕೆಲ್ಲ ಇಷ್ಟು ಸಿಟ್ಟು ಮಾಡ್ಕೋಬಾರ್ದಪ್ಪ, ನನ್ನ ಮಂಡಿ ಹೋಗ್ತಿದೆ" ಎಂದು ಮೇಷ್ಟ್ರು ಗೊಣಗಿದರು. "ಮಂಡಿಗೆ ಸೀಟೇ ಬೇಕಂದ್ರೆ ನೀವು ಮನೇಲಿರಿ" ಎಂದು ನಾನು ಹರಿಹಾಯ್ದೆ. ಬೈಯುವುದಕ್ಕೆ ನನಗೆಷ್ಟು ಯೋಗ್ಯತೆ ಇತ್ತು ಎನ್ನುವುದು ಬೇರೆ ಮಾತು. ಕೊನೆಗೆ ಮೇಷ್ಟ್ರೇ ಹೋಗಿ ಬೇಡಿಕೊಂಡರು. ಸಾಬ್ರು ಒಪ್ಪಿದರು. ಒಂದೇ ಷರತ್ತು ಹಾಕಿದರು. "ಯಾರ್ದೇ ಬ್ಯಾಗ್ ಆಗ್ಲಿ, ಎಲ್ರ ಎದ್ರುಗೂ ತಗ್ದು ತೋರ್ಸೇ ಇಡೋದು ನಾನು."

ಅದೇ ಪದ್ಧತಿಯಾಯಿತು. ಕಿಟಕಿಯಿಂದ ಬ್ಯಾಗು ಇಸಿದುಕೊಂಡು, ಝಿಪ್ ತೆಗೆದು, ಒಂದೊಂದೇ ವಸ್ತುವನ್ನು ಹೊರಗೆ ಕಾಣುವಂತೆ ಎತ್ತಿ ಹಿಡಿದು ಹರಾಜಿನವರಂತೆ ಕೂಗುತ್ತಿದ್ದರು. "ಮೇಷ್ಟ್ರ ಬ್ಯಾಗು! ಪುಸ್ತಕ ಎರಡು, ಮಂಡಿ ಎಣ್ಣೆ ಒಂದು, ಬಾಳೆಹಣ್ಣು ಎರಡು, ಬಾಂಬ್ ಇಲ್ಲ!" ಜನ ಬಿದ್ದು ಬಿದ್ದು ನಗುತ್ತಿದ್ದರು. ಬೇರೆ ಬಸ್ಸಿನವರೂ ನೋಡಲು ಬಂದು ನಿಲ್ಲುತ್ತಿದ್ದರು. ಸಾಬ್ರು ಸರಿಹೋದರು, ಹಳೆಯದನ್ನೆಲ್ಲ ಮರೆತು ತಮಾಷೆ ಮಾಡುತ್ತಾರೆ ಎಂದು ಎಲ್ಲರಿಗೂ ಸಮಾಧಾನ. ಕೂಗುವಾಗ ಸಾಬ್ರು ಒಂದು ದಿನವೂ ನಗಲಿಲ್ಲ ಎನ್ನುವುದು ಅವರಿಗೆ ಕಾಣಲಿಲ್ಲ. ನಾನು ಮಾತ್ರ ನಾಲ್ಕು ತಿಂಗಳು ಅವರಿಗೆ ಬ್ಯಾಗು ಕೊಡದೆ ನಿಂತುಕೊಂಡೇ ಹೋದೆ.

ನವೆಂಬರ್ ಕೊನೆಯಲ್ಲಿ ಮುಂಬೈಯ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದವರ ಮೇಲೆ ಗುಂಡು ಹಾರಿಸಿದರು. ಮತ್ತೆ ಅದೇ ಟಿವಿ, ಅದೇ ಹೊಗಳಿಕೆ, ಮತ್ತೆ ಅದೇ ಎದೆಗುಂದದ ಜನ. ಅದಾದ ಮುಂದಿನ ಸೋಮವಾರ, ಸ್ಟ್ಯಾಂಡಿನಲ್ಲಿ ಎಲ್ಲರೂ ಸಾಬ್ರನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ ಹೊತ್ತಿನಲ್ಲಿ, ನಾನು ಬೇಕೆಂದೇ ಕಿಟಕಿಯ ಹತ್ತಿರ ಹೋದೆ. ಬ್ಯಾಗಿನಲ್ಲಿ ಅವರಿಗೆಂದೇ ತಂದ ರವಿಕೆ ಬಟ್ಟೆ ಇತ್ತು. ಹೊಲಿಯಲು ಕೊಟ್ಟರೆ ಎಲ್ಲ ಮೊದಲಿನ ಹಾಗಾಗಬಹುದು ಎನ್ನುವ ದುರಾಸೆ ನನಗೆ.

"ಸಾಬ್ರೇ, ಹಿಡ್ಕೊಳಿ" ಎಂದು ಬ್ಯಾಗು ಎತ್ತಿ ಕೊಟ್ಟೆ.

ಅವರು ಇಸಿದುಕೊಂಡರು. ಝಿಪ್ ಎಳೆದರು. ಅವತ್ತಿನ ಕೂಗು ಎಂದಿಗಿಂತ ಜೋರಾಗಿತ್ತು. "ಮೇಡಂ ಬ್ಯಾಗು! ಊಟದ ಡಬ್ಬಿ ಒಂದು! ಕೊಡೆ ಒಂದು! ಮಾತ್ರೆ ಒಂದು ಹಾಳೆ!" ಆಮೇಲೆ ರವಿಕೆ ಬಟ್ಟೆಯ ಜೊತೆಗಿದ್ದ ಅಳತೆ ರವಿಕೆಯನ್ನು ಎತ್ತಿದರು. ಅವರೇ ಹೊಲಿದದ್ದು, ಕುಕ್ಕರಿನ ಆ ಸೋಮವಾರ ನಾನು ಹಾಕಿಕೊಂಡಿದ್ದದ್ದು. ಅದನ್ನು ಕಂಡದ್ದೇ ಕೂಗು ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕಿಸಕ್ಕೆಂದರು. ನನಗೆ ತಡೆಯಲಾಗಲಿಲ್ಲ.

"ಸಾಕು ಮಾಡಿ ಸಾಬ್ರೇ! ಅದು ನನ್ನ ಬ್ಯಾಗು, ಅದ್ರಲ್ಲೇನೂ ಇಲ್ಲ, ನನಗೆ ಗೊತ್ತು!" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕಿರುಚಿದೆ.

ಸಾಬ್ರು ರವಿಕೆಯನ್ನು ಮಡಿಸಿ ಒಳಗಿಟ್ಟರು. ಕಿಟಕಿಯಿಂದ ಬಗ್ಗಿ, ನನಗೊಬ್ಬಳಿಗೇ ಕೇಳುವಷ್ಟು ಮೆತ್ತಗೆ, "ಅವತ್ತು ಇಷ್ಟು ಹೇಳಿದ್ರೆ ಸಾಕಾಗಿತ್ತು, ಮೇಡಂ" ಎಂದರು. ಝಿಪ್ ಹಾಕಿ, ಬ್ಯಾಗನ್ನು ಬಿಸಿಲು ಬೀಳದ ಕಡೆಯ ಕಿಟಕಿಯ ಸೀಟಿನ ಮೇಲಿಟ್ಟು, ಮೇಷ್ಟ್ರ ಬ್ಯಾಗಿಗೆ ಕೈ ಚಾಚಿದರು.