ಕಳಕವ್ವನ ದಾಳಿಂಬೆ ಸಿಪ್ಪೆ

ರೋಣದ ಬಸ್ ನಿಲ್ದಾಣದ ಎದುರು ಗೌಸುಸಾಬನ ಶರಬತ್ತಿನ ಅಂಗಡಿ. ಅಲ್ಲಿ ದಾಳಿಂಬೆ ಬಿಡಿಸಿ ರಸ ಹಿಂಡುವವಳು ಕಳಕವ್ವ. ತಿಪ್ಪೆಗೆ ಹೋಗಬೇಕಾದ ಸಿಪ್ಪೆಯನ್ನು ಸಂಜೆ ಬುಟ್ಟಿಗೆ ತುಂಬಿಕೊಂಡು ಮನೆಗೆ ಒಯ್ಯುತ್ತಾಳೆ. ತೊಳೆದು, ನೆರಳಲ್ಲಿ ಒಣಗಿಸಿ, ಕುಟ್ಟಿ, ಅರಿವೆಯಲ್ಲಿ ಸೋಸಿ ಇಡುತ್ತಾಳೆ. ಹೊಟ್ಟೆ ಕೆಟ್ಟ ಮಕ್ಕಳಿಗೆ ಅದೇ ಔಷಧ.

"ಹಣ್ಣ ನಂದು, ಸಿಪ್ಪಿ ನಂದು, ಹೆಸರ ಮಾತ್ರ ನಿಂದು ನೋಡವಾ," ಎಂದು ಗೌಸುಸಾಬ ಕೆಣಕುತ್ತಾನೆ.

"ರೊಕ್ಕ ನಿಂದಾತಲ್ಲಪಾ, ಸಾಕ್ಬಿಡು," ಎನ್ನುತ್ತಾಳೆ ಕಳಕವ್ವ, ತಲೆ ಎತ್ತದೆ.

ಏಕೀಕರಣದ ಮರುವರ್ಷ ನಮ್ಮ ಯಜಮಾನರಿಗೆ ಮೈಸೂರಿನಿಂದ ಇಲ್ಲಿಗೆ ವರ್ಗವಾಯಿತು. ಬಂದ ಹೊಸತರಲ್ಲೇ ನಮ್ಮ ಕೂಸು ನರ್ಮದೆಗೆ ಭೇದಿ ಹಿಡಿಯಿತು. ದವಾಖಾನೆಯ ಔಷಧಕ್ಕೂ ನಿಲ್ಲಲಿಲ್ಲ. ನೀರು ಸರಿಯಾಗಿ ಕುದಿದಿತ್ತೋ ಇಲ್ಲವೋ, ಹಾಲು ಕೆಟ್ಟಿತ್ತೋ ಏನೋ ಎಂದು ಹಗಲೆಲ್ಲ ಅದನ್ನೇ ಯೋಚಿಸಿದೆ. ಅಳು ಮಾತ್ರ ಬರಲಿಲ್ಲ. ಕೊನೆಗೆ ಕೂಸನ್ನು ಎತ್ತಿಕೊಂಡು ಕಳಕವ್ವನ ಮನೆಗೆ ಹೋದೆ.

"ಮಜ್ಜಗ್ಯಾಗ ಕಲಸಿ ಚಿಟಿಕಿ ಚಿಟಿಕಿ ನೆಕ್ಕಸ್ರಿ ಬಾಯಾರ. ದವಾಖಾನಿ ಔಷಧನೂ ಬಿಡಬ್ಯಾಡ್ರಿ."

"ನಿಮ್ಮ ಮಕ್ಕಳಿಗೂ ಇದನ್ನೇ ಕೊಡ್ತಿದ್ರಾ?"

"ಇಲ್ರಿ. ಅವು ಹೋದಮ್ಯಾಲ ನಮ್ಮ ಅತ್ತಿ ತವರಿನವರು ಹೇಳಿಕೊಟ್ರು."

ಬಿಸಿಲು ಹೆಚ್ಚಾಯಿತು ಎನ್ನುವಷ್ಟೇ ಸಹಜವಾಗಿ ಹೇಳಿದಳು. ಕೂಸಿನ ಗಾಬರಿಯಲ್ಲಿ ನನಗೂ ಆಗ ಏನೂ ಅನ್ನಿಸಲಿಲ್ಲ. ಪುಡಿಯ ಪೊಟ್ಟಣ ಹಿಡಿದು ಎದ್ದು, "ಹೋಗಿ ಬರ್ತೀನಿ," ಎಂದೆ.

"ಅಯ್ಯ, ಹಂಗ ಅನಬ್ಯಾಡ್ರಿ! ಔಷಧ ಒಯ್ಯೋರು ಬರ್ತೀನಿ ಅನಬಾರ್ದು, ಬ್ಯಾನಿ ತಿರುಗಿ ಬರ್ತದ. ಸುಮ್ನ ಹೋಗ್ರಿ. ಆರಾಮ ಆತಂತ ಹೇಳಾಕೂ ಬರಬ್ಯಾಡ್ರಿ."

"ಹಾಗಾದ್ರೆ ವಾಸಿಯಾಯಿತೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗುತ್ತೆ?"

"ತಿರುಗಿ ಬರಲಿಲ್ಲಂದ್ರ ಆರಾಮ ಆಗೇತಿ ಅಂತ ತಿಳಕೋತೀನ್ರಿ."

ಬಾರದವರೆಲ್ಲ ವಾಸಿಯಾದವರೇ? ಕೇಳಬಾರದ್ದು. ಕೇಳಲಿಲ್ಲ. ಬಾಯಿಂದ ಜಾರಿದ್ದ 'ಬರ್ತೀನಿ' ಎಂಬ ಆ ಒಂದು ಮಾತನ್ನೇ ಹೊತ್ತು ಮನೆಗೆ ಬಂದೆ.

ಪುಡಿಯಿಂದಲೋ ದವಾಖಾನೆಯ ಔಷಧದಿಂದಲೋ, ಮರುದಿನ ಸಂಜೆಯ ಹೊತ್ತಿಗೆ ಭೇದಿ ಕಡಿಮೆಯಾಯಿತು. ಆಮೇಲೆ ನಿಂತಿತು. ಆದರೂ ಒಂದು ವಾರ ಕೂಸಿನ ಬಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಕಳಕವ್ವನ ಮನೆಗೆ ಹೋಗುವಂತಿಲ್ಲ. ಹೋಗದಿದ್ದರೆ ಅವಳು ಏನೆಂದು ತಿಳಿದಾಳು? ಸಂತೆಯ ದಿನ ನರ್ಮದೆಯನ್ನು ಸೊಂಟದ ಮೇಲಿಟ್ಟುಕೊಂಡು ಶರಬತ್ತಿನ ಅಂಗಡಿಯ ಎದುರು, ರಸ್ತೆಯ ಈಚೆ ಬದಿಗೆ ನಿಂತೆ. ಕೂಸು ನನ್ನ ಸರ ಜಗ್ಗುತ್ತಿತ್ತು.

ಕಳಕವ್ವ ತಲೆ ಎತ್ತಿದಳು. ಕೂಸನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ಗೌಸುಸಾಬ, ಸಕ್ಕರಿ ತೀರೇತಿ ನೋಡು," ಎಂದು ಇನ್ನೊಂದು ಹಣ್ಣು ಸೀಳಿದಳು.